ಹಳೆಯ ಲಿವರ್ ರೈಫಲ್ ಆರಿಸುವುದು ಹೇಗೆ: ವಿಂಚೆಸ್ಟರ್ 94, ಮಾರ್ಲಿನ್ 336, ಸ್ಯಾವೇಜ್ 99

ಅಮೆರಿಕದಲ್ಲಿ ಜಿಂಕೆ ಬೇಟೆಗೆಂದು ಹಳೆಯ ಲಿವರ್ ಆ್ಯಕ್ಷನ್ (ಟ್ರಿಗರಿನ ಸುತ್ತಲ ಸನ್ನೆಯನ್ನು ಕೆಳಗೆಳೆದು ಮೇಲೆತ್ತಿ ತೋಟಾ ಬದಲಿಸುವ) ರೈಫಲ್ ಕೊಳ್ಳಲು ಹೊರಟವರ ಮುಂದೆ ಸಾಮಾನ್ಯವಾಗಿ ಮೂರು ಹೆಸರು ಬಂದು ನಿಲ್ಲುತ್ತವೆ: ವಿಂಚೆಸ್ಟರ್ 94, ಮಾರ್ಲಿನ್ 336, ಸ್ಯಾವೇಜ್ 99. ಮೂರೂ ಒಳ್ಳೆಯ ಕೋವಿಗಳೇ. ಆದರೆ ಮೂರರ ಕೆಲಸ ಒಂದೇ ಅಲ್ಲ. ಹೆಸರು, ಮರದ ಹೊಳಪು, ಬೆಲೆ ಇವನ್ನೆಲ್ಲ ಆಮೇಲೆ ನೋಡಿದರಾಯಿತು. ಮೊದಲು ನೋಡಬೇಕಾದ್ದು ಎರಡು: ಖಾಲಿ ತೋಟಾ ಯಾವ ಕಡೆಗೆ ಹಾರುತ್ತದೆ, ತುಂಬಿದ ತೋಟಾಗಳು ಒಳಗೆ ಹೇಗೆ ಕೂರುತ್ತವೆ. ಟೆಲಿಸ್ಕೋಪ್, ಅಂದರೆ ಸ್ಕೋಪ್, ಕೂರುತ್ತದೋ ಇಲ್ಲವೋ, ಯಾವ ಗುಂಡು ಹಾಕಬಹುದು, ಎಷ್ಟು ದೂರಕ್ಕೆ ನಂಬಬಹುದು ಎನ್ನುವುದೆಲ್ಲ ಈ ಎರಡರಿಂದಲೇ ತೀರ್ಮಾನವಾಗುತ್ತದೆ.

ಅದಕ್ಕೂ ಮೊದಲಿನ ಕೆಲಸ ಒಂದಿದೆ. ಅಂಗಡಿಯವರು "ಖಾಲಿ ಇದೆ" ಎಂದು ಹೇಳಿಯೇ ಕೊಟ್ಟರೂ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ತಿರುಗಿಸಿ, ಟ್ರಿಗರ್‌ನಿಂದ ಬೆರಳು ಹೊರಗಿಟ್ಟು, ಲಿವರನ್ನು ಕೊನೆಯವರೆಗೂ ಕೆಳಗೆ ಎಳೆಯಿರಿ. ಚೇಂಬರಿನೊಳಗೆ, ಅಂದರೆ ಹೊಡೆಯುವ ತೋಟಾ ಕೂರುವ ನಳಿಗೆಯ ಹಿಂತುದಿಯೊಳಗೆ, ಕಣ್ಣು ಹಾಯಿಸಿ, ಕಿರುಬೆರಳು ತೂರಿಸಿ ಮುಟ್ಟಿ ನೋಡಿ. ಕೊಳವೆ ಮ್ಯಾಗಜೀನ್ (ಉಳಿದ ತೋಟಾಗಳಿರುವ ಕೊಳವೆ) ಇದ್ದರೆ ಅದರ ಬಾಯಲ್ಲಿ ಕಾಣಬೇಕಾದ್ದು ತೋಟಾಗಳನ್ನು ತಳ್ಳುವ ಬಿರಟೆಯಾದ ಫಾಲೋವರ್, ತೋಟಾದ ಹಿತ್ತಾಳೆಯ ಅಂಚಲ್ಲ. ಬಹುಪಾಲು ಸ್ಯಾವೇಜ್ 99ಗಳ ಎಡಬದಿಯಲ್ಲಿ ಉಳಿದ ತೋಟಾಗಳ ಸಂಖ್ಯೆ ತೋರಿಸುವ ಪುಟ್ಟ ಕಿಂಡಿ ಇರುತ್ತದೆ. ಅದು ಮ್ಯಾಗಜೀನಿನ ಲೆಕ್ಕವನ್ನಷ್ಟೇ ಹೇಳುತ್ತದೆ, ಚೇಂಬರಿನದನ್ನಲ್ಲ. ಸೊನ್ನೆ ಕಂಡಿತೆಂದು ಬಿಡದೆ ಬೆರಳಿನಿಂದಲೂ ಪರೀಕ್ಷಿಸಿ.

ಮೇಲಕ್ಕೋ, ಪಕ್ಕಕ್ಕೋ

ಜಾನ್ ಬ್ರೌನಿಂಗ್ ರೂಪಿಸಿದ ವಿಂಚೆಸ್ಟರ್ 94 ಬಂದದ್ದು 1894ರಲ್ಲಿ. ಅದರ ರಿಸೀವರಿನ, ಅಂದರೆ ಯಂತ್ರಭಾಗಗಳನ್ನು ಹೊತ್ತ ಲೋಹದ ಚೌಕಟ್ಟಿನ, ಮೇಲ್ಭಾಗ ತೆರೆದಿರುತ್ತದೆ, ಖಾಲಿ ತೋಟಾ ನೇರ ಮೇಲಕ್ಕೆ ಚಿಮ್ಮುತ್ತದೆ. ಹೀಗಾಗಿ ನಳಿಗೆಯ ನೇರಕ್ಕೆ ಸ್ಕೋಪ್ ಕೂರಿಸಲು ಆಗುವುದಿಲ್ಲ, ತೋಟಾ ಹೋಗಿ ಸ್ಕೋಪಿಗೇ ಬಡಿದು ಮತ್ತೆ ಒಳಗೆ ಬೀಳುತ್ತದೆ. ಎಡಪಕ್ಕಕ್ಕೆ ಸರಿಸಿ ಕೂರಿಸುವ ಮೌಂಟ್‌ಗಳಿವೆ, ಆದರೆ ಕೆನ್ನೆ ಮರಕ್ಕೆ ಒರಗುವುದೇ ಇಲ್ಲ, ತಲೆ ತೂಗಾಡುತ್ತದೆ. 1980ರ ದಶಕದಲ್ಲಿ ತೋಟಾ ಓರೆಯಾಗಿ ಬಲಕ್ಕೆ ಹಾರುವ 'ಆ್ಯಂಗಲ್ ಇಜೆಕ್ಟ್' ಮಾದರಿ ಬಂತು. 94 ಬೇಕು, ಸ್ಕೋಪೂ ಬೇಕು ಎನ್ನುವವರು ಅದನ್ನೇ ಹುಡುಕಬೇಕು.

1948ರಲ್ಲಿ ಬಂದ ಮಾರ್ಲಿನ್ 336ರ ರಿಸೀವರಿಗೆ ಮೇಲೆ ಗಟ್ಟಿ ಮುಚ್ಚಳ, ಒಳಗೆ ಚೇಂಬರನ್ನು ಹಿಂದಿನಿಂದ ಮುಚ್ಚುವ ದುಂಡನೆಯ ಬೋಲ್ಟ್, ಬಲಪಕ್ಕದಲ್ಲಿ ಕಿಂಡಿ. ತೋಟಾ ಪಕ್ಕಕ್ಕೆ ಹಾರುವುದರಿಂದ ಸ್ಕೋಪ್ ನೇರವಾಗಿ, ತಗ್ಗಾಗಿ ಕೂರುತ್ತದೆ. ಸ್ಯಾವೇಜ್ 99ರಲ್ಲೂ ಬಲಕ್ಕೇ. ತೀರಾ ಹಳೆಯ 99ಗಳಲ್ಲಿ ಸ್ಕೋಪಿನ ತಿರುಪುಗಳಿಗೆ ಕಾರ್ಖಾನೆಯ ತೂತುಗಳಿರುವುದಿಲ್ಲ, ಯಾರೋ ಆಮೇಲೆ ಕೊರೆಸಿರುತ್ತಾರೆ. ಅಂಥ ತೂತು ಬೇಟೆಗೆ ಅಡ್ಡಿಯಲ್ಲ, ಆದರೆ ಸಂಗ್ರಾಹಕರು ಬೆಲೆಯನ್ನು ದೊಡ್ಡದಾಗಿಯೇ ಕಡಿಯುತ್ತಾರೆ. ಹಾಗಾಗಿ ಮಾರುವವರು ನಿಮ್ಮಿಂದಲೂ ತೂತಿಲ್ಲದ ಕೋವಿಯ ಬೆಲೆ ಕೇಳಬಾರದು.

ನಲವತ್ತೈದು ದಾಟಿದ ಕಣ್ಣಿಗೆ ಗುರಿ ಹಿಡಿಯುವ ಹಿಂದಿನ ಸೈಟ್, ಮುಂದಿನ ಸೈಟ್, ಜಿಂಕೆ ಮೂರನ್ನೂ ಒಟ್ಟಿಗೆ ಸ್ಪಷ್ಟವಾಗಿ ಹಿಡಿಯುವುದು ಕಷ್ಟ. ಅಂಥವರಿಗೆ 336 ಒಳ್ಳೆಯದು. 94ರ ಮೇಲೇ ಮನಸ್ಸಿದ್ದರೆ ರಿಸೀವರಿನ ಹಿಂಭಾಗಕ್ಕೆ ಪೀಪ್ ಸೈಟ್ (ಸಣ್ಣ ತೂತಿನ ಮೂಲಕ ನೋಡುವ ಸೈಟ್) ಹಾಕಿಸಿ, ಕಣ್ಣಿನ ಕಷ್ಟ ಅರ್ಧ ಇಳಿಯುತ್ತದೆ. 336ಕ್ಕೆ ಸ್ಕೋಪ್ ಹಾಕಿದಾಗ ಹ್ಯಾಮರ್, ಅಂದರೆ ನಮ್ಮ ಕಡೆ ಕುದುರೆ ಎನ್ನುವ ಭಾಗ, ಸ್ಕೋಪಿನ ಕೆಳಗೆ ಸಿಕ್ಕಿಕೊಳ್ಳುತ್ತದೆ. ಪಕ್ಕಕ್ಕೆ ಚಾಚುವ ಪುಟ್ಟ ಕಡ್ಡಿಯೊಂದನ್ನು ಅದಕ್ಕೆ ತಿರುಪಿ ಕೂರಿಸದಿದ್ದರೆ ಚಳಿಯಲ್ಲಿ, ಕೈಗವಸು ಹಾಕಿದ ಹೆಬ್ಬೆರಳು ಜಾರುವುದು ಖಂಡಿತ.

ಕೊಳವೆಯಲ್ಲಿ ಚೂಪು ಗುಂಡು ಬೇಡ

94 ಮತ್ತು 336ರಲ್ಲಿ ನಳಿಗೆಯ ಕೆಳಗಿನ ಕೊಳವೆಯೇ ಮ್ಯಾಗಜೀನ್. ತೋಟಾಗಳು ಸಾಲಾಗಿ, ಒಂದರ ಮೂತಿ ಮುಂದಿನದರ ಬೆನ್ನಿಗೆ ತಾಗಿ ಮಲಗಿರುತ್ತವೆ. ಆ ಬೆನ್ನಿನ ನಡುಮಧ್ಯದಲ್ಲಿ ಪ್ರೈಮರ್ ಇದೆ, ಬಡಿದರೆ ಕಿಡಿಯೆದ್ದು ಮದ್ದು ಹೊತ್ತಿಸುವ ಬಿಲ್ಲೆ ಅದು. ಚೂಪು ಮೂತಿಯ ಲೋಹದ ಗುಂಡು ಹಾಕಿ ಒಂದು ಈಡು ಹೊಡೆದರೆ, ಹಿಂಜಗ್ಗಿನ ಹೊಡೆತಕ್ಕೆ ಆ ಮೂತಿಯೇ ಪ್ರೈಮರನ್ನು ಬಡಿಯುವ ಫೈರಿಂಗ್ ಪಿನ್ನಿನ ಕೆಲಸ ಮಾಡಿಬಿಡಬಹುದು. ಆಗ ಕೊಳವೆಯೊಳಗೇ ಸ್ಫೋಟ, ಅದೂ ನಿಮ್ಮ ಎಡಗೈ ಹಿಡಿದ ಜಾಗದಲ್ಲೇ. ಚಪ್ಪಟೆ ಮೂತಿಯವು, ಅಥವಾ ಕೊಳವೆ ಮ್ಯಾಗಜೀನಿಗೆಂದೇ ತಯಾರಾದವು, ಇವಿಷ್ಟನ್ನೇ ಹಾಕಬೇಕು. ಹಾರ್ನಡಿ ಕಂಪನಿಯ ಲೆವರೆವಲ್ಯೂಷನ್ ತೋಟಾಗಳ ಚೂಪು ತುದಿ ಮೆತ್ತನೆಯ ಪಾಲಿಮರಿನದ್ದು, ಒತ್ತಿದರೆ ಬಾಗುತ್ತದೆ. ಅದಕ್ಕೇ ಅವು ಕೊಳವೆಯಲ್ಲೂ ಸಲ್ಲುತ್ತವೆ.

ಜಮೈಕಾದಲ್ಲಿ ಹುಟ್ಟಿದ ಆರ್ಥರ್ ಸ್ಯಾವೇಜ್ ಈ ತೊಡಕನ್ನು ಬುಡದಲ್ಲೇ ಬಿಡಿಸಿದರು. 99ರ ರಿಸೀವರಿನೊಳಗೆ ತಿರುಗುವ ಹಿತ್ತಾಳೆಯ ಉರುಳೆಯಿದೆ. ಐದು ತೋಟಾಗಳು ಅದರ ಸುತ್ತ, ಒಂದೊಂದೂ ತನ್ನದೇ ತೋಡಿನಲ್ಲಿ, ಒಂದಕ್ಕೊಂದು ಮೂತಿ ತಾಗಿಸದೆ ಕೂರುತ್ತವೆ. ಹೀಗಾಗಿ ಚೂಪು ಗುಂಡು ಧಾರಾಳವಾಗಿ ಹಾಕಬಹುದು. ಗಾಳಿಯನ್ನು ಸೀಳುವ ಗುಂಡು ಸಿಕ್ಕಿದರೆ ದೂರವೂ ಹೆಚ್ಚುತ್ತದೆ. ಮೇಲಿಂದ ಬೆರಳಲ್ಲಿ ಒತ್ತಿ ತುಂಬುವಾಗ ಆ ಉರುಳೆ ಮೆತ್ತಗೆ, ಒಂದೇ ಬಿಗಿಯಲ್ಲಿ ತಿರುಗಬೇಕು. ನಡುವೆ ತಡೆದು ತಡೆದು ತಿರುಗಿದರೆ ಒಳಗೆ ಹಳೆಯ ಎಣ್ಣೆ ಗಟ್ಟಿಯಾಗಿದೆ, ಇಲ್ಲವೇ ಸ್ಪ್ರಿಂಗ್ ಸೋತಿದೆ ಎಂದರ್ಥ. 1960ರ ದಶಕದಿಂದ ಬಂದ 99ಸಿ ಮಾದರಿಯಲ್ಲಿ ಉರುಳೆಯಿಲ್ಲ, ಕಳಚುವ ಮ್ಯಾಗಜೀನ್ ಇದೆ. ಅನುಕೂಲವೇನೋ ಹೌದು, ಆದರೆ 99ರ ಆಕರ್ಷಣೆ ಇರುವುದೇ ಆ ಉರುಳೆಯಲ್ಲಿ.

ತೋಟಾ ಮತ್ತು ದೂರ

94 ಮತ್ತು 336ರ ಪ್ರಧಾನ ತೋಟಾ .30-30. 150 ಗ್ರೇನ್, ಅಂದರೆ 9.7 ಗ್ರಾಂ ಗುಂಡು ಸೆಕೆಂಡಿಗೆ ಸುಮಾರು 2,390 ಅಡಿ ವೇಗದಲ್ಲಿ ಹೊರಡುತ್ತದೆ. 170 ಗ್ರೇನಿನದು ಸುಮಾರು 2,200 ಅಡಿ. ಪೊದೆಗಾಡಿನಲ್ಲಿ 150 ಗಜದೊಳಗೆ ವೈಟ್‌ಟೇಲ್ ಜಿಂಕೆಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. 200 ಗಜ ಇದರ ಕೊನೆ ಎಂದುಕೊಳ್ಳಿ. 336ರಲ್ಲಿ .35 ರೆಮಿಂಗ್ಟನ್ನೂ ಸಿಗುತ್ತದೆ, ಗುಂಡು ಭಾರ, ದೂರ ಇನ್ನೂ ಕಡಿಮೆ.

99ರಲ್ಲಿ ಆಯ್ಕೆ ವಿಸ್ತಾರ. .300 ಸ್ಯಾವೇಜ್ 1920ರಲ್ಲಿ ಬಂದದ್ದು, 150 ಗ್ರೇನ್ ಗುಂಡಿಗೆ 2,630 ಅಡಿ ವೇಗ. ಚಾರ್ಲ್ಸ್ ನ್ಯೂಟನ್ ರೂಪಿಸಿದ .250-3000 ತೋಟಾದ ಹೆಸರಲ್ಲೇ ಅದರ ವೇಗ ಇದೆ: 87 ಗ್ರೇನ್ ಗುಂಡಿಗೆ ಸೆಕೆಂಡಿಗೆ 3,000 ಅಡಿ. ಇವೆರಡರ ತೋಟಾ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಅಲೆದಾಟ ಬೇಡವೆಂದರೆ .308 ವಿಂಚೆಸ್ಟರ್ ಅಥವಾ .243ರ 99 ಹುಡುಕಿ.

ಇಲ್ಲೊಂದು ಎಚ್ಚರಿಕೆ ಭಾರತದಿಂದ ಹೋದವರಿಗೆ ವಿಶೇಷವಾಗಿ ಹೇಳಬೇಕು. ಹಳೆಯ 99ರ ಮೇಲೆ .303 ಎಂದಿದ್ದರೆ ಅದು .303 ಸ್ಯಾವೇಜ್. ನಮ್ಮ ಪೊಲೀಸರ ಹೆಗಲಲ್ಲಿ ದಶಕಗಳ ಕಾಲ ಇದ್ದ ರೈಫಲಿನ .303 ತೋಟಾ ಬೇರೆಯೇ. ಕೇಸಿನ ಆಕಾರವೂ ಬೇರೆ, ಗುಂಡಿನ ವ್ಯಾಸವೂ ಬೇರೆ. ಒಂದರ ತೋಟಾವನ್ನು ಇನ್ನೊಂದಕ್ಕೆ ತುರುಕಲು ಹೋಗಬಾರದು.

ಕೈಯಲ್ಲಿ ಹಿಡಿದು ಪರೀಕ್ಷಿಸುವುದು

ಅರ್ಧ ಡಜನ್ ಡಮ್ಮಿ (ಮದ್ದಿಲ್ಲದ) ತೋಟಾ ಜೊತೆಗೆ ಒಯ್ಯಿರಿ. 94, 336ಕ್ಕೆ ತುಂಬುವಾಗ ತೋಟಾವನ್ನು ಪಕ್ಕದ ಲೋಡಿಂಗ್ ಗೇಟಿನೊಳಗೆ (ತೋಟಾ ತುಂಬುವ ಬಾಗಿಲೊಳಗೆ) ಪೂರ್ತಿ ತಳ್ಳದೆ ಅಂಚನ್ನು ಗೇಟಿನಲ್ಲೇ ಬಿಟ್ಟು, ಮುಂದಿನದರಿಂದ ಅದನ್ನು ಒತ್ತಿ. ಹೆಬ್ಬೆರಳ ಚರ್ಮ ಉಳಿಯುತ್ತದೆ. ಆಮೇಲೆ ಲಿವರನ್ನು ಹೆದರದೆ, ಪೂರ್ತಿ, ಕೊನೆಯವರೆಗೂ ಆಡಿಸಿ. ಹೊಸಬರ ಕೋವಿ ಸಿಕ್ಕಿಕೊಳ್ಳುವುದು ಬಹುಪಾಲು ಲಿವರನ್ನು ಅರ್ಧಕ್ಕೆ ಎಳೆದು ಬಿಡುವುದರಿಂದ. ಖಾಲಿ ತೋಟಾ ಹೊರಚಿಮ್ಮುವುದು ಲಿವರಿನ ಕೊನೆಯ ಒಂದಂಗುಲ ಚಲನೆಯಲ್ಲಿ, ಹೊಸ ತೋಟಾ ಮೇಲೇಳಲು ತಯಾರಾಗುವುದೂ ಅಲ್ಲೇ.

ಲಿವರ್ ಪೂರ್ತಿ ಆಡಿಸಿದರೂ 336 ಸಿಕ್ಕಿಕೊಂಡರೆ ಅದು ಬೇರೆ ಕಾಯಿಲೆ. ತೋಟಾವನ್ನು ಎತ್ತಿಕೊಡುವ ಕ್ಯಾರಿಯರಿನ ತಳವನ್ನು ಲಿವರಿನ ಚೂಪು ಅಂಚು ವರ್ಷಗಟ್ಟಲೆ ಕೆರೆದು ಸವೆಸಿರುತ್ತದೆ. ಕ್ಯಾರಿಯರ್ ಏಳಬೇಕಾದಷ್ಟು ಏಳುವುದಿಲ್ಲ, ಕೊಳವೆಯಿಂದ ಮುಂದಿನ ತೋಟಾ ಅದರಡಿಗೆ ನುಸುಳಿ ಎಲ್ಲವನ್ನೂ ಬಿಗಿದು ನಿಲ್ಲಿಸುತ್ತದೆ. ಒಂದೇ ತಿರುಪು ಬಿಚ್ಚಿದರೆ ಲಿವರೂ ಬೋಲ್ಟೂ ಹೊರಬರುತ್ತವೆ. ಬಿಚ್ಚಲು ಅನುಮತಿ ಕೇಳಿ, ಕ್ಯಾರಿಯರಿನ ತಳ ನೋಡಿ. ಹೊಳೆಯುವ ಗೀರಷ್ಟೇ ಇದ್ದರೆ ಚಿಂತೆಯಿಲ್ಲ. ಉಗುರು ಸಿಕ್ಕಿಕೊಳ್ಳುವಷ್ಟು ಕಚ್ಚು ಬಿದ್ದಿದ್ದರೆ ಗನ್‌ಸ್ಮಿತ್‌ನ ಖರ್ಚು ಬೆಲೆಯಲ್ಲಿ ಇಳಿಯಬೇಕು.

ಖಾಲಿ ಕೋವಿಯ ಹ್ಯಾಮರನ್ನು ಅರ್ಧಕ್ಕೆ, ಹಾಫ್ ಕಾಕ್ ಕಚ್ಚಿಗೆ ತಂದು ನಿಲ್ಲಿಸಿ. ಲಿವರನ್ನು ಹಿಡಿಗೆ ಒತ್ತಿಹಿಡಿದು ಟ್ರಿಗರನ್ನು ಜೋರಾಗಿ ಎಳೆಯಿರಿ. ಹ್ಯಾಮರ್ ಕೂದಲೆಳೆಯಷ್ಟೂ ಕದಲಬಾರದು. ಕದಲಿದರೆ ಆ ಕೋವಿಯನ್ನು ಕೆಳಗಿಟ್ಟುಬಿಡಿ. ಅಡ್ಡಗುಂಡಿ ಸೇಫ್ಟಿ (ಪಕ್ಕದಿಂದ ಒತ್ತುವ ತಡೆ) ಇಲ್ಲದ ಹಳೆಯ 94, 336ಗಳಲ್ಲಿ ಈ ಕಚ್ಚೇ ಕಾವಲು. 99ಕ್ಕೆ ಹೊರಗಿನ ಹ್ಯಾಮರೇ ಇಲ್ಲ, ಅದರ ಸೇಫ್ಟಿಯನ್ನು ಬೇರೆಯಾಗಿ ನೋಡಬೇಕು. ಜೊತೆಗೆ 99ರ ಮರದ ಹಿಡಿ ರಿಸೀವರನ್ನು ಸೇರುವಲ್ಲಿ, ಮೇಲಿನ ಟ್ಯಾಂಗಿನ (ಮರದೊಳಗೆ ಚಾಚಿದ ಲೋಹದ ಪಟ್ಟಿಯ) ಹಿಂದೆ, ಕೂದಲಿನಂಥ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. 99ರಲ್ಲಿ ಅತಿ ಸಾಮಾನ್ಯವಾದ ದೋಷ ಇದು. ಗುಂಡಿನ ಹಿಂಜಗ್ಗು ಪ್ರತಿಸಲ ಅಲ್ಲೇ ಬಡಿಯುತ್ತದೆ.

ನಳಿಗೆಯ ಬಾಯಿಯ ಅಂಚನ್ನು ಸುತ್ತಲೂ ನೋಡಿ. 94 ಮತ್ತು 99ನ್ನು ಸ್ವಚ್ಛಮಾಡಲು ಕಡ್ಡಿಯನ್ನು ಬಾಯಿಯ ಕಡೆಯಿಂದಲೇ ಹಾಕಬೇಕಾಗುತ್ತದೆ. ಅಜಾಗರೂಕ ಕೈಗಳು ಆ ಅಂಚನ್ನು ಒಂದು ಕಡೆಗೆ ಸವೆಸಿರುತ್ತವೆ, ಗುಂಡು ಹೊರಡುವಾಗಲೇ ಓರೆಯಾಗುತ್ತದೆ. 336ರ ಬೋಲ್ಟ್ ಹೊರಬರುವುದರಿಂದ ಹಿಂದಿನಿಂದಲೇ ಶುಚಿಮಾಡಬಹುದು, ಈ ಅನುಕೂಲಕ್ಕೇ ಅದನ್ನು ಆರಿಸುವವರಿದ್ದಾರೆ. ಹೊಡೆದ ಖಾಲಿ ತೋಟಾ ಸಿಕ್ಕಿದರೆ ಪ್ರೈಮರ್ ಹೊರಕ್ಕೆ ಉಬ್ಬಿದೆಯೇ, ತಳದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಬಿದ್ದಿದೆಯೇ ಎಂದು ನೋಡಿ. ಇದ್ದರೆ ಬೋಲ್ಟ್ ಸಡಿಲವಾಗಿದೆ, ಹೆಡ್‌ಸ್ಪೇಸ್, ಅಂದರೆ ಮುಚ್ಚಿದ ಬೋಲ್ಟಿಗೂ ಚೇಂಬರಿನಲ್ಲಿ ತೋಟಾ ಆತು ನಿಲ್ಲುವ ಜಾಗಕ್ಕೂ ನಡುವಿನ ಅಂತರ, ಅಳೆಯಿಸದೆ ಕೊಳ್ಳಬೇಡಿ.

ವರ್ಷದ ಲೆಕ್ಕ

94ರಲ್ಲಿ 1964 ಗಡಿ. ಆ ವರ್ಷ ಖರ್ಚು ಉಳಿಸಲು ಗಟ್ಟಿ ಪಿನ್‌ಗಳ ಬದಲು ಪೊಳ್ಳು ಪಿನ್, ಕಡೆದ ಕ್ಯಾರಿಯರ್ ಬದಲು ತಗಡಿನದು ಬಂತು. ರಿಸೀವರಿನ ಲೋಹವೂ ಬದಲಾಯಿತು, ಮಾಸಿದ ಮೇಲೆ ಮಾಮೂಲಿ ವಿಧಾನದ ನೀಲಿ ಬಣ್ಣ ಅದಕ್ಕೆ ಹಿಡಿಯುವುದೇ ಇಲ್ಲ. ಗುರಿಯಲ್ಲಿ ಇವೂ ಹಿಂದೆ ಬಿದ್ದಿಲ್ಲ. ಬೇಟೆಗೆ ಮಾತ್ರ ಬೇಕಾದವರು 1964ರ ಹಿಂದಿನದು ಎಂಬ ಮಾತಿಗೆ ದುಪ್ಪಟ್ಟು ಹಣ ಸುರಿಯುವುದು ಬೇಡ.

ಮಾರ್ಲಿನ್‌ನ ಲೆಕ್ಕ ಸುಲಭ. 1973ರಿಂದ ಆ ಶತಮಾನದ ಕೊನೆಯವರೆಗಿನ ಕೋವಿಗಳಲ್ಲಿ ಸೀರಿಯಲ್ ನಂಬರಿನ ಮೊದಲ ಎರಡಂಕಿಯನ್ನು 100ರಿಂದ ಕಳೆಯಿರಿ: 25ರಿಂದ ಶುರುವಾದರೆ 1975. ನಳಿಗೆಯ ಎಡಕ್ಕೆ, ರಿಸೀವರಿನ ಹತ್ತಿರ 'ಜೆಎಂ' ಮುದ್ರೆ ಇದ್ದರೆ ಅದು ಹಳೆಯ ಮಾರ್ಲಿನ್ ಕಾರ್ಖಾನೆಯದು. ರೆಮಿಂಗ್ಟನ್ ಕೈಗೆ ಹೋದ ಮೊದಲ ವರ್ಷಗಳ ಕೋವಿಗಳಲ್ಲಿ ಮರ ಕೂರಿಸಿದ ರೀತಿ, ಸೈಟ್‌ನ ನೇರ ಎರಡನ್ನೂ ಎಚ್ಚರದಿಂದ ನೋಡಬೇಕು. 2020ರಲ್ಲಿ ರೂಗರ್ ಕಂಪನಿ ಮಾರ್ಲಿನ್ ಕೊಂಡ ಮೇಲೆ ಬಂದ ಹೊಸ 336ಗಳ ಕೆಲಸ ಅಚ್ಚುಕಟ್ಟು.

ಅಮೆರಿಕದಲ್ಲಿರುವ ಕನ್ನಡಿಗರು ಗಮನಿಸಬೇಕಾದ್ದು: ಎಚ್-1ಬಿ, ಎಫ್-1 ಥರದ ತಾತ್ಕಾಲಿಕ ವೀಸಾದವರು ಕೋವಿ ಇಟ್ಟುಕೊಳ್ಳುವುದನ್ನು ಅಲ್ಲಿನ ಫೆಡರಲ್ ಕಾನೂನು ನಿಷೇಧಿಸಿದೆ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಉಂಟು. ಗ್ರೀನ್ ಕಾರ್ಡಿನವರಿಗೆ ಈ ನಿಷೇಧವಿಲ್ಲ. ಭಾರತದಲ್ಲಂತೂ 1972ರ ವನ್ಯಜೀವಿ ಕಾಯ್ದೆಯಡಿ ಬೇಟೆಯೇ ಅಪರಾಧ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಕೋವಿಯ ಲೈಸೆನ್ಸಿಗೆ ಸಂಬಂಧಿಸಿದ್ದು, ಬೇಟೆಗಲ್ಲ.

ಗುರಿ ಹೊಂದಿಸುವುದು

ಮೊದಲು 25 ಗಜದಲ್ಲಿ ಹೊಡೆದು ಕಾಗದದ ಮೇಲೆ ಗುಂಡು ತನ್ನಿ, ಆಮೇಲೆ 100 ಗಜಕ್ಕೆ ಹೋಗಿ. ನಳಿಗೆಯನ್ನು ಯಾವುದಕ್ಕೂ ಆನಿಸಬೇಡಿ, ಮುಂಗೈ ಹಿಡಿಯುವ ಮರವನ್ನು ಮರಳುಚೀಲದ ಮೇಲಿಡಿ. ಹಿಂದಿನ ಸೈಟನ್ನು ಗುಂಡು ಹೋಗಬೇಕಾದ ದಿಕ್ಕಿಗೇ ಸರಿಸಬೇಕು, ಮುಂದಿನದನ್ನಾದರೆ ವಿರುದ್ಧ ದಿಕ್ಕಿಗೆ. ಎರಡು ಸೈಟ್‌ಗಳ ನಡುವೆ 16 ಇಂಚು ಇದ್ದರೆ, 100 ಗಜದಲ್ಲಿ 3 ಇಂಚು ಬದಲಾವಣೆಗೆ ಬೇಕಾದ್ದು ಸುಮಾರು 0.34 ಮಿಲಿಮೀಟರ್, ಮೂರು ಹಾಳೆ ಕಾಗದದ ದಪ್ಪ. ಸುತ್ತಿಗೆಯ ಮೊದಲ ಪೆಟ್ಟಿಗೇ ಬಹಳ ಜನ ಅದಕ್ಕಿಂತ ಹೆಚ್ಚು ಸರಿಸಿಬಿಡುತ್ತಾರೆ. ಹಿತ್ತಾಳೆ ಕಡ್ಡಿಯಿಟ್ಟು ಮೆಲ್ಲಗೆ ತಟ್ಟಿ.

.30-30ರ 150 ಗ್ರೇನ್ ಗುಂಡು 100 ಗಜದಲ್ಲಿ 3 ಇಂಚು ಮೇಲೆ ಬೀಳುವಂತೆ ಹೊಂದಿಸಿದರೆ 200 ಗಜದಲ್ಲಿ ಎರಡು-ಮೂರು ಇಂಚಷ್ಟೇ ಕೆಳಗೆ ಬೀಳುತ್ತದೆ. ಮೂರು ಈಡಾದ ಮೇಲೆ ನಳಿಗೆ ಆರಲು ಬಿಡಿ. ಕೊಳವೆಯೂ ನಳಿಗೆಯೂ ಪಟ್ಟಿಯಲ್ಲಿ ಬಿಗಿದುಕೊಂಡಿರುವ 94ರಲ್ಲಿ ಕಾವೇರಿದಂತೆ ಗುಂಡು ಬೀಳುವ ಜಾಗ ಸರಿಯುತ್ತದೆ. ಸೈಟ್ ಹೊಂದಿಸಬೇಕಾದ್ದು ತಣ್ಣಗಿನ ನಳಿಗೆಯ ಮೊದಲ ಈಡಿಗೆ. ಮರುದಿನ ಬೆಳಗ್ಗೆ ಒಂದೇ ಒಂದು ಈಡು ಹೊಡೆದು, ಅದು ಬಿದ್ದ ಜಾಗವನ್ನು ಅದೇ ಕಾಗದದ ಮೇಲೆ ಬೇರೆ ಬಣ್ಣದಲ್ಲಿ ಗುರುತು ಹಾಕಿಕೊಳ್ಳಿ.