ನಾಯಿ, ಬೆಕ್ಕಿನ ಕಾಯಿಲೆ: ಮನೆಯಲ್ಲಿ ನಾನು ನೋಡುವ ಕ್ರಮ

ಮೂಗು ಒಣಗಿದರೆ ಜ್ವರ ಎನ್ನುವ ಲೆಕ್ಕ ನಾನು ಇಟ್ಟುಕೊಂಡಿಲ್ಲ. ನಿದ್ದೆಯಿಂದ ಎದ್ದ ಆರೋಗ್ಯವಂತ ನಾಯಿಯ ಮೂಗೂ ಒಣಗಿರುತ್ತದೆ. ನಾನು ನಂಬುವುದು ಥರ್ಮಾಮೀಟರ್, ವಸಡು, ಉಸಿರು ಮತ್ತು ನೀರಿನ ಬಟ್ಟಲನ್ನು. ಪ್ರಾಣಿ ಚೆನ್ನಾಗಿರುವಾಗಲೇ ಈ ನಾಲ್ಕನ್ನೂ ನೋಡಿ, ತೂಕದ ಜೊತೆ ಬರೆದಿಡುತ್ತೇನೆ. ಹುಷಾರಿಲ್ಲದ ದಿನ ಹೋಲಿಸಿ ನೋಡಲು ಅದೇ ಬೇಕಾಗುವುದು.

ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಸವರಿ, ಗುದದ್ವಾರದೊಳಗೆ ಒಂದೆರಡು ಸೆಂಟಿಮೀಟರ್ ಇಳಿಸಿ, ಸ್ವಲ್ಪ ಓರೆ ಮಾಡಿ ಒಳಗೋಡೆಗೆ ತಾಗಿಸಿ ಹಿಡಿಯುತ್ತೇನೆ. ತುದಿ ಮಲದೊಳಗೆ ಹೂತರೆ ಅಂಕಿ ಕಡಿಮೆ ತೋರಿಸುತ್ತದೆ. ನಾಯಿಗೂ ಬೆಕ್ಕಿಗೂ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಓಡಿ ಬಂದ ನಾಯಿ, ಹೆದರಿದ ಬೆಕ್ಕು ಸುಮ್ಮನೆ 103 ದಾಟುವುದುಂಟು, ಆದ್ದರಿಂದ ಅರ್ಧ ಗಂಟೆ ಬಿಟ್ಟು ಮತ್ತೊಮ್ಮೆ ನೋಡುತ್ತೇನೆ. 99ಕ್ಕಿಂತ ಕೆಳಗಿಳಿದರೆ ನನಗೆ ಜ್ವರಕ್ಕಿಂತ ಹೆಚ್ಚು ಗಾಬರಿ.

ವಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣಕ್ಕೆ ಮರಳಬೇಕು. ಬಿಳಿಚಿಕೊಂಡೇ ಇದ್ದರೆ ರಕ್ತ ಕಡಿಮೆಯಾಗಿದೆ ಅಥವಾ ರಕ್ತದ ಓಟ ಕುಗ್ಗಿದೆ, ಹಳದಿಯಾದರೆ ಕಾಮಾಲೆ, ನೀಲಿಯಾದರೆ ಆಮ್ಲಜನಕದ ಕೊರತೆ. ವಸಡೇ ಕಪ್ಪಗಿರುವ ನಾಯಿಗಳಲ್ಲಿ ಕೆಳರೆಪ್ಪೆ ಎಳೆದು ಒಳಬದಿ ನೋಡುತ್ತೇನೆ. ಉಸಿರನ್ನು ಎಣಿಸುವುದು ಗಾಢ ನಿದ್ದೆಯಲ್ಲಿರುವಾಗ: ನಿಮಿಷಕ್ಕೆ 30ರ ಒಳಗಿರಬೇಕು. ಪದೇ ಪದೇ ಅದನ್ನು ಮೀರಿದರೆ ಹೃದಯ, ಶ್ವಾಸಕೋಶ ಪರೀಕ್ಷಿಸಬೇಕು. ನಾಯಿ ಬಾಯ್ತೆರೆದು ಏದುವುದು ಮಾಮೂಲು. ಬೆಕ್ಕು ಸುಮ್ಮನೆ ಕೂತಲ್ಲೇ ಬಾಯ್ತೆರೆದು ಉಸಿರಾಡಿದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಬೇಕು.

ವಾಂತಿಯಲ್ಲಿ ಮೊದಲು ಗಮನಿಸುವುದು ಹೊಟ್ಟೆ ಹಿಂಡಿ ಬಂತೋ, ತಿಂದದ್ದು ಸಲೀಸಾಗಿ ಜಾರಿ ಹೊರಬಿತ್ತೋ ಎಂದು. ಎರಡನೆಯದು ಅನ್ನನಾಳದ ತೊಂದರೆ ಇರಬಹುದು. ಆಳವಾದ ಎದೆಯ ದೊಡ್ಡ ನಾಯಿ ಓಕರಿಸುತ್ತಿದೆ, ಏನೂ ಬರುತ್ತಿಲ್ಲ, ಹೊಟ್ಟೆ ಉಬ್ಬುತ್ತಿದೆ ಎಂದರೆ ಜಠರ ತಿರುಚಿಕೊಂಡಿರುವ ಸಾಧ್ಯತೆಯಿದೆ. ಅಲ್ಲಿ ಪ್ರತಿ ನಿಮಿಷಕ್ಕೂ ಬೆಲೆ. ಮರಿನಾಯಿ ವಾಂತಿ ಮಾಡಿ, ಮಂಕಾಗಿ, ಗಬ್ಬು ನಾರುವ ರಕ್ತಭೇದಿ ಆಗುತ್ತಿದ್ದರೆ ಪಾರ್ವೊ ಎಂದೇ ಹಿಡಿದು ಉಳಿದ ನಾಯಿಗಳಿಂದ ಬೇರೆ ಮಾಡುತ್ತೇನೆ. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫಿನೈಲಿಗೆ ಬಗ್ಗುವುದಿಲ್ಲ. ಮಲವನ್ನೆಲ್ಲ ತೊಳೆದು ತೆಗೆದ ಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಸುರಿದು, ಹತ್ತು ನಿಮಿಷ ಬಿಡಬೇಕು. ಕೊಳೆಯ ಮೇಲೆಯೇ ಬ್ಲೀಚ್ ಹಾಕಿದರೆ ಅದರ ಶಕ್ತಿ ಅಲ್ಲೇ ಸೋರಿಹೋಗುತ್ತದೆ. ಲಸಿಕೆ ಹಾಕಿಸಿದ ಮರಿಗೂ ಪಾರ್ವೊ ಬಂತಲ್ಲ ಎನ್ನುವವರಿಗೆ ಕಾರಣ ಇಷ್ಟು: ತಾಯಿಯಿಂದ ಬಂದ ಪ್ರತಿಕಾಯಗಳು ಮೊದಲ ಚುಚ್ಚುಮದ್ದನ್ನು ಕೆಲಸ ಮಾಡಗೊಡುವುದಿಲ್ಲ. ಅದಕ್ಕೇ 6ರಿಂದ 8 ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಹಾಕಿಸುವುದು.

ಉಣ್ಣಿ ಕಚ್ಚಿ ಹರಡುವ ಉಣ್ಣಿ ಜ್ವರಕ್ಕೆ ಉಣ್ಣಿ ಕಣ್ಣಿಗೆ ಬೀಳಲೇಬೇಕೆಂದಿಲ್ಲ. ಜ್ವರ, ಬಿಳಿಚಿದ ವಸಡು, ಹೊಟ್ಟೆಯ ಚರ್ಮದಲ್ಲಿ ಸೂಜಿ ಚುಚ್ಚಿದಂಥ ಕೆಂಪು ಚುಕ್ಕೆ, ಮೂಗಿನಿಂದ ರಕ್ತ, ಇವು ಕಂಡರೆ ರಕ್ತ ಪರೀಕ್ಷೆ ಮಾಡಿಸಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಎಷ್ಟಿವೆ ನೋಡಬೇಕು. ಮೂತ್ರ ಕಂದುಗೆಂಪಾದರೆ ಕೆಂಪು ರಕ್ತಕಣ ಒಡೆಯುವ ಪರಾವಲಂಬಿ ಬೆಬೀಸಿಯಾದ ಸಂಶಯ. ಉಣ್ಣಿಯಿಂದಲೇ ಬರುವ ಇನ್ನೊಂದು ಸೋಂಕು, ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾಕ್ಕೆ ಸಾಮಾನ್ಯವಾಗಿ 28 ದಿನ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಬರೆಯುತ್ತಾರೆ. ಮೂರನೇ ದಿನಕ್ಕೇ ನಾಯಿ ಬಾಲ ಅಲ್ಲಾಡಿಸುತ್ತದೆ, ಯಜಮಾನರು ಮಾತ್ರೆ ನಿಲ್ಲಿಸುತ್ತಾರೆ, ರೋಗ ಒಳಗೇ ಉಳಿಯುತ್ತದೆ. ಉಣ್ಣಿಗೆ ಬೆಂಕಿ, ಸೀಮೆಎಣ್ಣೆ ಬೇಡ. ಚಿಮುಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯುವುದು. ಬೆರಳ ಸಂದು, ಕಿವಿಯೊಳಗೆ, ಕುತ್ತಿಗೆ ಪಟ್ಟಿಯ ಕೆಳಗೆ ಹುಡುಕಬೇಕು.

ಬೆಕ್ಕಿನದು ಬೇರೆಯೇ ಕಥೆ, ನೋವನ್ನು ಅದು ಬಚ್ಚಿಡುತ್ತದೆ. ನಾನು ದಿನಾ ಬೆಳಿಗ್ಗೆ ಮಣ್ಣಿನ ಟ್ರೇಯಲ್ಲಿ ಮೂತ್ರದ ಗಂಟುಗಳೆಷ್ಟು, ಎಷ್ಟು ದೊಡ್ಡವು ಎಂದು ನೋಡುವುದು ಅದಕ್ಕೇ. ಗಂಡುಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ತಿಣುಕುತ್ತದೆ, ಮೂತ್ರದ್ವಾರ ನೆಕ್ಕುತ್ತದೆ, ಟ್ರೇ ಒಣಗಿರುತ್ತದೆ ಎಂದರೆ ಮೂತ್ರ ಕಟ್ಟಿಕೊಂಡಿದೆ ಎಂದರ್ಥ. ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸುತ್ತಾ ಕೂತರೆ ಒಂದೆರಡು ದಿನದಲ್ಲಿ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ತುಂಬಿದ ಮೂತ್ರಕೋಶ ಕೆಳಹೊಟ್ಟೆಯಲ್ಲಿ ನಿಂಬೆಹಣ್ಣಿನಂಥ ಗಟ್ಟಿ ಉಂಡೆಯಾಗಿ ಕೈಗೆ ಸಿಗುತ್ತದೆ. ಅದನ್ನು ಒತ್ತಬಾರದು, ಒಡೆಯಬಹುದು. ಇನ್ನು ದಪ್ಪ ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಯಕೃತ್ತಿನಲ್ಲಿ ಕೊಬ್ಬು ತುಂಬುವ ಅಪಾಯವಿದೆ. ಹಸಿದಾಗ ತಾನೇ ತಿನ್ನುತ್ತದೆ ಎಂದು ಕಾಯುವಂತಿಲ್ಲ.

ನೀರನ್ನು ಅಳೆದು ಹಾಕಿ, 24 ಗಂಟೆ ಬಿಟ್ಟು ಉಳಿದದ್ದನ್ನು ಅಳೆಯುತ್ತೇನೆ. ನಾಯಿ ಕಿಲೋ ತೂಕಕ್ಕೆ 100 ಮಿಲಿ, ಬೆಕ್ಕು 50 ಮಿಲಿ ಮೀರಿ ಕುಡಿಯುತ್ತಿದ್ದರೆ ಸಕ್ಕರೆ ಕಾಯಿಲೆ, ಮೂತ್ರಪಿಂಡದ ಪರೀಕ್ಷೆ ಆಗಬೇಕು. ಸಂತಾನಹರಣ ಮಾಡಿಸದ ಹೆಣ್ಣುನಾಯಿ ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಹೀಗೆ ನೀರು ಕುಡಿದರೆ ಗರ್ಭಕೋಶದಲ್ಲಿ ಕೀವು ತುಂಬಿದೆಯೇ ನೋಡಿಸುತ್ತೇನೆ; ಕೀವು ಹೊರಗೆ ಸುರಿಯದೆಯೂ ಇರಬಹುದು.

ಮನುಷ್ಯರ ಮಾತ್ರೆಗೆ ನಾನು ಕೈ ಹಾಕುವುದೇ ಇಲ್ಲ. ಪ್ಯಾರಾಸಿಟಮಾಲ್‌ನ ಒಂದು 500 ಮಿಲಿಗ್ರಾಂ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಐಬುಪ್ರೊಫೇನ್ ನಾಯಿಯ ಜಠರ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ನಾಯಿಗೆಂದು ಮಾರುವ ಪರ್ಮೆಥ್ರಿನ್ ಇರುವ ಉಣ್ಣಿ ಔಷಧಿ ಬೆಕ್ಕಿಗೆ ವಿಷ. ವೈದ್ಯರು ಬರೆದ ಡಾಕ್ಸಿಸೈಕ್ಲಿನನ್ನೂ ಬೆಕ್ಕಿಗೆ ಒಣದಾಗಿ ನುಂಗಿಸಿದರೆ ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತದೆ. ಹಿಂದೆಯೇ ಸಿರಿಂಜಿನಲ್ಲಿ 5–6 ಮಿಲಿ ನೀರು ಹನಿಸುತ್ತೇನೆ.

ವೈದ್ಯರ ಬಳಿ ಹೋಗುವಾಗ ಬರೆದಿಟ್ಟ ಅಂಕಿಗಳು, ವಾಂತಿಯ ಫೋಟೊ, ಕೆಮ್ಮು ಅಥವಾ ಕುಂಟುವಿಕೆಯ ವಿಡಿಯೊ, ಕೊಟ್ಟ ಔಷಧಿಗಳ ಹಾಳೆ ಜೊತೆಗಿರುತ್ತವೆ. ಆಸ್ಪತ್ರೆ ಮೇಜಿನ ಮೇಲೆ ನಾಯಿ ಕುಂಟುವುದನ್ನೇ ಮರೆಯುತ್ತದೆ. ಭೇದಿಯಾದರೆ ಅವತ್ತಿನದೇ ಮಲ ಒಂದು ಚಮಚದಷ್ಟು, ಮುಚ್ಚಳವಿರುವ ಡಬ್ಬಿಯಲ್ಲಿ. ಹೊರಡುವುದು ತಡವಾದರೆ ಫ್ರಿಜ್‌ನಲ್ಲಿ ಇಡಬಹುದು, ಫ್ರೀಜರ್‌ನಲ್ಲಿ ಬೇಡ.