ಹಾಲುಹಲ್ಲಿನ ಹುಳುಕು: ಯಾವ ಹಂತಕ್ಕೆ ಯಾವ ಚಿಕಿತ್ಸೆ

‘ಹೇಗೂ ಬಿದ್ದುಹೋಗೋ ಹಲ್ಲು, ಬಿಡಿ’ ಎಂಬ ಮಾತಿನಿಂದಲೇ ಮಕ್ಕಳ ಬಾಯಿ ಹಾಳಾಗುತ್ತಿದೆ. ಮುಂದಿನ ಹಾಲುಹಲ್ಲುಗಳು 6–7 ವರ್ಷಕ್ಕೆ ಉದುರುತ್ತವೆ, ನಿಜ. ಆದರೆ ದವಡೆಯವು 10–12 ವರ್ಷದವರೆಗೆ ಬೇಕು. ಅವುಗಳ ಎನಾಮಲ್ (ಹೊರಗಿನ ಗಟ್ಟಿ ಪದರ) ತೆಳು, ಒಳಗಿನ ನರದ ಭಾಗ ದೊಡ್ಡದು. ಹಾಗಾಗಿ ಹುಳುಕು ಬೇಗ ನರ ಮುಟ್ಟುತ್ತದೆ.

ತಿಂಗಳಿಗೊಮ್ಮೆ ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೇಲ್ತುಟಿ ಎತ್ತಿ ಟಾರ್ಚ್ ಹಾಕಿ ನೋಡಿ. ವಸಡಿನ ಅಂಚಿನಲ್ಲಿ ಸೀಮೆಸುಣ್ಣದಂಥ ಬಿಳಿ ಗೆರೆ ಕಂಡರೆ ಅದೇ ಹುಳುಕಿನ ಆರಂಭ. ರಾತ್ರಿ ಬಾಟಲಿಯಲ್ಲಿ ಹಾಲು ಕುಡಿಯುತ್ತಲೇ ಮಲಗುವ ಮಕ್ಕಳಲ್ಲಿ ಇದು ಮೇಲಿನ ಮುಂದಿನ ಹಲ್ಲುಗಳಲ್ಲೇ ಮೊದಲು ಕಾಣುತ್ತದೆ. ಕೆಳಗಿನವನ್ನು ನಾಲಿಗೆ, ಜೊಲ್ಲು ಕಾಯುತ್ತವೆ. ಅಂದಹಾಗೆ, ಹಲ್ಲಿನಲ್ಲಿ ಹುಳ ಇರುವುದಿಲ್ಲ. ಹೊಗೆ ಹಾಕಿಸಿ ಹುಳ ತೆಗೆಸುವುದೆಲ್ಲ ಬರೀ ಮೋಸ.

ಬಿಳಿ ಗೆರೆಯ ಹಂತದಲ್ಲಿ ಹಲ್ಲು ಮತ್ತೆ ಗಟ್ಟಿಯಾಗಬಲ್ಲದು. 1000 ಪಿಪಿಎಂ ಫ್ಲೋರೈಡ್ ಇರುವ ಪೇಸ್ಟಿನಲ್ಲಿ ದಿನಕ್ಕೆರಡು ಸಲ ನೀವೇ ಉಜ್ಜಿ: 3 ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು. ನೊರೆ ಉಗಿಸಿದರೆ ಸಾಕು, ನೀರಿನಲ್ಲಿ ಮುಕ್ಕಳಿಸಬೇಡಿ. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬೇಡ. ಜೊತೆಗೆ ದಂತವೈದ್ಯರಲ್ಲಿ 3–6 ತಿಂಗಳಿಗೊಮ್ಮೆ ಫ್ಲೋರೈಡ್ ವಾರ್ನಿಶ್ ಹಚ್ಚಿಸಿ. ಪಾವಗಡದ ಕಡೆಯಂತೆ ಬೋರ್‌ವೆಲ್ ನೀರಿನಲ್ಲೇ ಫ್ಲೋರೈಡ್ ಹೆಚ್ಚಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿ.

ಗುಳಿ ಬಿದ್ದಿದೆ, ನರ ಮುಟ್ಟಿಲ್ಲ, ಮಗು ಕುರ್ಚಿಯಲ್ಲಿ ಕೂರುವುದೇ ಇಲ್ಲ ಎಂದಾದರೆ 38% ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ಬೆಳ್ಳಿ ಬೆರೆತ ದ್ರವ ದೊಡ್ಡ ಅನುಕೂಲ. ಹಲ್ಲು ಒಣಗಿಸಿ ಸುಮಾರು ಒಂದು ನಿಮಿಷ ಹಚ್ಚುತ್ತಾರೆ. ಡ್ರಿಲ್ ಇಲ್ಲ, ಇಂಜೆಕ್ಷನ್ ಇಲ್ಲ. ಹುಳುಕಾದ ಜಾಗ ಶಾಶ್ವತವಾಗಿ ಕಪ್ಪಾಗುತ್ತದೆ. ಕಪ್ಪಾಗಿ ಗಟ್ಟಿಯಾದರೆ ಹುಳುಕು ನಿಂತಿದೆ ಎಂದರ್ಥ; ಮೆತ್ತಗೇ ಉಳಿದರೆ ನಿಂತಿಲ್ಲ. ಆರು ತಿಂಗಳಿಗೊಮ್ಮೆ ಮತ್ತೆ ಹಚ್ಚಿಸಬೇಕು. ಗುಳಿಯನ್ನು ಇದು ತುಂಬುವುದಿಲ್ಲ. ಬೆಳ್ಳಿಯ ಅಲರ್ಜಿ ಇರುವವರಿಗೆ ಬೇಡ.

ಚಿಕ್ಕ ಗುಳಿಗೆ ಗ್ಲಾಸ್ ಅಯೊನೋಮರ್ ಎಂಬ ಹಲ್ಲು ತುಂಬುವ ಸಿಮೆಂಟ್ ಸಾಕು. ಎರಡು ದವಡೆ ಹಲ್ಲುಗಳ ನಡುವಿನ ಹುಳುಕಿಗೆ ಮಾತ್ರ ಸಿಮೆಂಟ್ ನೆಚ್ಚಬೇಡಿ, ಅಲ್ಲಿ ಅದು ಬೇಗ ಒಡೆದುಬರುತ್ತದೆ. ಸ್ಟೀಲ್ ಕ್ಯಾಪ್ ಹಾಕಿಸಿ. ಹಾಲ್ ವಿಧಾನದಲ್ಲಿ ಹಲ್ಲನ್ನು ಕೊರೆಯದೆ ಹುಳುಕಿನ ಮೇಲೇ ಕ್ಯಾಪ್ ಕೂರಿಸುತ್ತಾರೆ. ಒಳಗೆ ಸಿಕ್ಕಿಬಿದ್ದ ಬ್ಯಾಕ್ಟೀರಿಯಾಕ್ಕೆ ಸಕ್ಕರೆ ಸಿಗದೆ ಹುಳುಕು ನಿಲ್ಲುತ್ತದೆ. ಮೊದಲು ಕೆಲವು ದಿನ ಕಚ್ಚುವಾಗ ಎತ್ತರ ಅನ್ನಿಸುತ್ತದೆ, ತಾನಾಗಿ ಸರಿಹೋಗುತ್ತದೆ.

ತಣ್ಣನೆಯದು, ಸಿಹಿ ತಗುಲಿದಾಗಷ್ಟೇ ಬಂದು ಹೋಗುವ ನೋವಾದರೆ ನರ ಉಳಿಸುವ ಸಾಧ್ಯತೆ ಇದೆ. ರಾತ್ರಿ ತಾನಾಗಿ ಎಬ್ಬಿಸುವ ನೋವಿಗೆ ಎಕ್ಸ್-ರೇ ಬೇಕೇ ಬೇಕು. ಸೋಂಕು ಮೇಲ್ಭಾಗದಲ್ಲಷ್ಟೇ ಇದ್ದರೆ ಅಷ್ಟೇ ನರ ತೆಗೆದು ಔಷಧಿ ಇಡುತ್ತಾರೆ. ಬೇರಿಗೂ ಇಳಿದಿದ್ದರೆ ಪೂರ್ತಿ ತೆಗೆದು, ಬೇರಿನೊಂದಿಗೆ ಕರಗುವ ಪೇಸ್ಟ್ ತುಂಬುತ್ತಾರೆ. ದವಡೆ ಹಲ್ಲಾದರೆ ಇವೆರಡರಲ್ಲಿ ಯಾವ ಚಿಕಿತ್ಸೆಯಾದರೂ ಆಮೇಲೆ ಕ್ಯಾಪ್ ಹಾಕಿಸಲೇಬೇಕು. ಇಲ್ಲವಾದರೆ ಹಲ್ಲು ಸೀಳುತ್ತದೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟಿದ್ದರೆ, ಮರಗಟ್ಟಿದ್ದು ಇಳಿಯುವವರೆಗೆ ಎರಡು ಮೂರು ಗಂಟೆ ಮಗು ತುಟಿ ಕಚ್ಚಿಕೊಳ್ಳದಂತೆ ನೋಡಿಕೊಳ್ಳಿ.

ವಸಡಿನ ಮೇಲೆ ಗುಳ್ಳೆ ಎದ್ದು ನೋವು ಹೋಯಿತೇ? ಅದು ವಾಸಿಯಾದದ್ದಲ್ಲ, ನರ ಸತ್ತು ಕೀವು ದಾರಿ ಮಾಡಿಕೊಂಡಿದೆ. ಬರೀ ಆಂಟಿಬಯೋಟಿಕ್ ಕುಡಿಸಿದರೆ ಮತ್ತೆ ಬರುತ್ತದೆ. ದವಡೆ ಹಲ್ಲು ಕೀಳಲೇಬೇಕಾದರೆ ಜಾಗ ಕಾಯುವ ತಂತಿಯ ಬಗ್ಗೆ ಅಂದೇ ಕೇಳಿ; ಆರನೇ ವರ್ಷಕ್ಕೆ ಹುಟ್ಟುವ ಶಾಶ್ವತ ದವಡೆ ಹಲ್ಲು ಮುಂದಕ್ಕೆ ಜರುಗಿ ಆ ಜಾಗ ಮುಚ್ಚಿಬಿಡುತ್ತದೆ.

ನೋವಿಗೆ ಪ್ಯಾರಾಸಿಟಮಾಲ್: ಕಿಲೋ ತೂಕಕ್ಕೆ 10–15 ಮಿ.ಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಡ. 12 ಕಿಲೋ ಮಗುವಿಗೆ ಒಂದು ಸಲಕ್ಕೆ 120–180 ಮಿ.ಗ್ರಾಂ. ಸಿರಪ್‌ಗಳ ಶಕ್ತಿ ಬೇರೆಬೇರೆ ಇರುವುದರಿಂದ ಚಮಚ ಎಣಿಸುವ ಮೊದಲು ಬಾಟಲಿಯ ಚೀಟಿ ಓದಿ. ಲವಂಗದ ಎಣ್ಣೆ ಮಕ್ಕಳ ವಸಡು ಸುಡುತ್ತದೆ, ಹಚ್ಚಬೇಡಿ. ಆಸ್ಪಿರಿನ್ ಕೊಡಲೇಬೇಡಿ. ಕೆನ್ನೆ ಊದಿ ಜ್ವರ ಬಂದರೆ, ಕಣ್ಣು ಮುಚ್ಚುವಷ್ಟು ಬಾವು ಏರಿದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ.