ತೂಕದ ದಿನ ತುಟಿ ಎತ್ತಿಸಿದ್ದು: ನನ್ನ ಅನುಭವ

ನಮ್ಮ ಅಂಗನವಾಡಿ ಟೀಚರ್‌ಗಳ ಸರ್ಕಲ್ ಮೀಟಿಂಗಿನಲ್ಲಿ, ತಿಂಗಳ ತೂಕದ ದಿನವೇ ಪುಟ್ಟ ಮಕ್ಕಳ ಹಲ್ಲು ಹುಳುಕಾಗುತ್ತಿದೆಯಾ ಅಂತಲೂ ನೋಡೋಣ ಅಂದಾಗ ನಕ್ಕವರೇ ಜಾಸ್ತಿ. "ತೂಕ ಮಾಡಿಸೋಕೇ ಮಕ್ಕಳನ್ನ ಕರ್ಕೊಂಡು ಬರಲ್ಲ, ಇನ್ನು ಬಾಯಿ ಬಿಡಿಸಿ ಹಲ್ಲು ನೋಡ್ತಾರಾ?" ಅಂದಿದ್ದರು. ಈಗ ಅವರಲ್ಲೇ ಇಬ್ಬರು ಮೂವರು ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿ ಬರೆಯಲು ಕೂತಿದ್ದೇನೆ.

ನನ್ನದು ಪಾವಗಡ ತಾಲ್ಲೂಕಿನ ಗಡಿ ಕಡೆಯ ಅಂಗನವಾಡಿ. ಮೂರು ವರ್ಷದೊಳಗಿನ ಮಕ್ಕಳು 30 ಚಿಲ್ಲರೆ. ಅರ್ಧ ಮನೆಗಳಲ್ಲಿ ತೆಲುಗು. ಹಲ್ಲಿನ ಮಾತೆತ್ತಿದರೆ "ಪಾಲ ಪಳ್ಳು (ಹಾಲುಹಲ್ಲು) ತಾನೇ ಟೀಚರ್, ಬಿದ್ದೋಗ್ತವೆ ಬಿಡಿ" ಅನ್ನುವುದು ಎಲ್ಲರ ಉತ್ತರ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿ ನೋಡಿದೆ. ಪೋಷಣ್ ಮಾಸದಲ್ಲಿ ತಾಯಂದಿರ ಸಭೆ, ಚಾರ್ಟು, ಭಾಷಣ. ಒಂದು ಫ್ಲೆಕ್ಸಿಗೆ ಕೈಯಿಂದ ಎಂಟುನೂರೋ ಒಂಬೈನೂರೋ ಹೋಯಿತು. ಮಳೆ ಬಂದಾಗ ಅದು ಯಾರದೋ ಕೊಟ್ಟಿಗೆಯ ಮೇಲಿತ್ತು. ಆಮೇಲೆ ಹೊರಗಿನ ಒಂದು ಸಂಸ್ಥೆಯವರು ಬಂದು ಬ್ರಷ್ಷು ಪೇಸ್ಟು ಹಂಚಿ, ಫೋಟೋ ಹೊಡೆದುಕೊಂಡು ಹೋದರು. ವಾರ ಬಿಟ್ಟು ಮನೆಭೇಟಿಗೆ ಹೋದರೆ ಒಂದು ಮನೆಯಲ್ಲಿ ಆ ಬ್ರಷ್ಷಿನಿಂದ ಹೊಲಿಗೆ ಮಿಷನ್ನಿನ ಧೂಳು ತೆಗೆಯುತ್ತಿದ್ದರು, ಇನ್ನೊಂದು ಮನೆಯಲ್ಲಿ ಅಜ್ಜಿಯ ತಲೆಗೆ ಕಪ್ಪು ಬಣ್ಣ ಹಚ್ಚುತ್ತಿದ್ದರು.

ಇದಕ್ಕಿಂತ ದೊಡ್ಡ ಅಡ್ಡಿ ನಮ್ಮ ನೀರು. ಇಲ್ಲಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದರಿಂದ ದೊಡ್ಡವರ ಹಲ್ಲೆಲ್ಲ ಕಂದು. ಹಾಗಾಗಿ ಒಂದೂವರೆ ವರ್ಷದ ಮಗುವಿನ ಹಲ್ಲು ಕಂದಾದರೂ "ನಮ್ಮ ನೀರೇ ಅಂಥದ್ದು" ಅಂತ ಕೈಚೆಲ್ಲಿಬಿಡುತ್ತಾರೆ. ನೀರಿನ ಕಲೆ ಹೆಚ್ಚಾಗಿ ಕಾಣುವುದು ಆರು ವರ್ಷದಿಂದಾಚೆ ಹುಟ್ಟುವ ಕಾಯಂ ಹಲ್ಲಿನಲ್ಲಿ ಅಂತ ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗಲಿಲ್ಲ. ಕೊನೆಗೆ ಕೆಲಸಕ್ಕೆ ಬಂದದ್ದು ಒಂದೇ ಪ್ರಶ್ನೆ: "ನೀರಿನಿಂದ ಆಗಿದ್ರೆ ಕೆಳಗಿನ ಮುಂದಿನ ಹಲ್ಲು ಯಾಕಮ್ಮ ಬೆಳ್ಳಗಿವೆ?" ರಾತ್ರಿ ಬಾಟಲಿ ಕಚ್ಚಿಕೊಂಡು ಮಲಗುವ ಮಗುವಿಗೆ ಮೇಲಿನ ನಾಲ್ಕು ಹಲ್ಲೇ ಮೊದಲು ಹಾಳಾಗುವುದು, ಕೆಳಗಿನವನ್ನು ನಾಲಿಗೆಯೂ ಜೊಲ್ಲೂ ಕಾಯುತ್ತವೆ. ಇದನ್ನು ತಾಯಿ ತನ್ನ ಕಣ್ಣಾರೆ ನೋಡಬೇಕು, ಆಗಲೇ ನಂಬುವುದು. ಚಾರ್ಟು ನಂಬಿಸುವುದಿಲ್ಲ.

ಅದಕ್ಕೇ ಬೇರೆ ಸಭೆ ಕರೆಯುವುದನ್ನು ಬಿಟ್ಟು, ತಿಂಗಳ ತೂಕದ ದಿನಕ್ಕೇ ಇದನ್ನು ಅಂಟಿಸಿದೆ. ಚಾಪೆಯ ಮೇಲೆ ತಾಯಿ ಮತ್ತು ಅಜ್ಜಿ ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಮಗು ಅಜ್ಜಿಯ ಕಡೆ ಮುಖ ಮಾಡಿ, ಅವಳ ಸೊಂಟದ ಎರಡೂ ಬದಿಗೆ ಕಾಲು ಹಾಕಿ ಕೂತು, ಹಾಗೇ ಹಿಂದಕ್ಕೆ ತಾಯಿಯ ಮಡಿಲಲ್ಲಿ ತಲೆ ಇಡುತ್ತದೆ. ಕೈಗಳನ್ನು ಅಜ್ಜಿ ಹಿಡಿದಿರುತ್ತಾಳೆ. ತಾಯಿ ತೋರುಬೆರಳಿನಿಂದ ಮೇಲಿನ ತುಟಿ ಎತ್ತುತ್ತಾಳೆ, ನಾನು ಮೊಬೈಲ್ ಟಾರ್ಚ್ ಬಿಡುತ್ತೇನೆ, ಅಷ್ಟೇ. ಮಡಿಲಲ್ಲಿ ತಲೆ ಇಡಿಸಿ ನೋಡುವ ಕ್ರಮ ದಂತವೈದ್ಯರದ್ದೇ. ಅವರಲ್ಲಿ ತಲೆ ವೈದ್ಯರ ಮಡಿಲಿಗೆ ಬರುತ್ತದೆ. ಅಲ್ಲಿ ತಾಯಿಯನ್ನು ಕೂರಿಸಿ ಎದುರಿಗೆ ಅಜ್ಜಿಯನ್ನು ಕೂರಿಸಿದ್ದು ಮಾತ್ರ ನನ್ನ ತಲೆ. ಬಾಟಲಿ ಕೊಡುವವಳೇ ಅಜ್ಜಿ. ತಾಯಿ ಕೂಲಿಗೋ ಕಡಲೆಕಾಯಿ ಬಿಡಿಸಲೋ ಹೋಗಿರುತ್ತಾಳೆ. ಸೊಸೆಗೆ ಎಷ್ಟು ಪಾಠ ಮಾಡಿದರೂ ಅತ್ತೆ ನೋಡದಿದ್ದರೆ ಎಲ್ಲ ನೀರಲ್ಲಿ ಹೋಮ.

ನೋಡಬೇಕಾದ್ದು ಕಂದು ಗುಳಿಯನ್ನಲ್ಲ. ಅದಕ್ಕೂ ಮೊದಲು ಒಸಡಿನ ಪಕ್ಕ ಸುಣ್ಣ ಎಳೆದ ಹಾಗೆ ಒಂದು ಬಿಳಿ ಗೆರೆ ಬರುತ್ತದಲ್ಲ, ಅದನ್ನು. ಆ ಹಂತದಲ್ಲಿ ಬಾಟಲಿ ಬಿಡಿಸಿ ಎರಡು ಹೊತ್ತು ಉಜ್ಜಿದರೆ ಹಲ್ಲು ಉಳಿಯುತ್ತದೆ. ಗೆರೆ ಇದೆ ಅಂತ ನಾನು ಹೇಳುವುದಿಲ್ಲ, ಅವರೇ ಹೇಳುವ ತನಕ ಟಾರ್ಚ್ ಆರಿಸುವುದಿಲ್ಲ. ಮಗು ಅಳದಂತೆ ಬಾಯಿ ಬಿಡಿಸಲು ನನ್ನ ಹತ್ತಿರ ಒಂದು ಪದ ಇದೆ. ಅದನ್ನು ಇಲ್ಲಿ ಬರೆಯಲ್ಲ, ಬಂದರೆ ಹಾಡಿ ತೋರಿಸುತ್ತೇನೆ.

ಬಾಟಲಿ ಒಂದೇ ದಿನಕ್ಕೆ ಬಿಡಿಸಲು ಹೋದರೆ ಮನೆಯವರೆಲ್ಲ ರಾತ್ರಿಯಿಡೀ ಜಾಗರಣೆ. ಮೊದಲು ಸಕ್ಕರೆ ನಿಲ್ಲಿಸಿ, ಆಮೇಲೆ ದಿನದಿನಕ್ಕೆ ಹಾಲು ಕಮ್ಮಿ ನೀರು ಜಾಸ್ತಿ ಮಾಡುತ್ತಾ ಬಂದರೆ ಎರಡು ಮೂರು ವಾರಕ್ಕೆ ಬರೀ ನೀರಾಗುತ್ತದೆ. ಮಗುವೇ ಬಾಟಲಿ ಎಸೆಯುತ್ತದೆ. ಹಾಲೂ ರಾಗಿ ಸರಿಯೂ ಹಗಲು ಲೋಟದಲ್ಲಿ. "ನೀವೇ ಕೇಂದ್ರದಲ್ಲಿ ಹಾಲಿಗೆ ಸಕ್ಕರೆ ಹಾಕಿ ಕೊಡ್ತೀರಲ್ಲ" ಅಂತ ಒಬ್ಬಳು ಕೇಳಿಯೇ ಬಿಟ್ಟಳು. ಸರಿಯಾದ ಮಾತೇ. ಅವತ್ತಿನಿಂದ ಹಾಲು ಕುಡಿದ ಮೇಲೆ ಎಲ್ಲರಿಗೂ ಒಂದು ಗುಟುಕು ನೀರು.

ಬ್ರಷ್ಷನ್ನು ಪುಕ್ಕಟೆ ಕೊಡಲಿಲ್ಲ. ತುಮಕೂರು ಮಂಡಿಪೇಟೆಯಲ್ಲಿ ಡಜನ್ ಲೆಕ್ಕದಲ್ಲಿ ತಂದರೆ ಒಂದಕ್ಕೆ ಹನ್ನೆರಡೋ ಹದಿಮೂರೋ ಬಿತ್ತು, ಹತ್ತು ರೂಪಾಯಿಗೆ ಮಾರಿದೆ. ಮೇಲಿನದು ನನ್ನ ತಲೆ ಮೇಲೆ. ನಮ್ಮ ಗೌರವಧನ ಎಷ್ಟು ಅಂತ ನಿಮಗೆ ಹೇಳಬೇಕಾ? ಆದರೆ ದುಡ್ಡು ಕೊಟ್ಟು ಕೊಂಡ ಬ್ರಷ್ಷು ಯಾರ ಕೂದಲಿಗೂ ಹೋಗಲಿಲ್ಲ. ಪೇಸ್ಟು ಫ್ಲೋರೈಡ್ ಇರುವುದೇ, ಅಕ್ಕಿ ಕಾಳಿನಷ್ಟು. ಕಲೆ ಮಾಡುವುದು ನೀರಿನ ಜೊತೆ ದಿನಾ ಹೊಟ್ಟೆಗೆ ಹೋಗುವ ಫ್ಲೋರೈಡ್, ಹಲ್ಲಿಗೆ ಹಚ್ಚುವ ಇಷ್ಟು ಹುಳುಕು ತಡೆಯುತ್ತದೆ. ಉಜ್ಜುವುದು ದೊಡ್ಡವರ ಕೈ. ಗಂಡಸರಿಗೆ ಮಾತ್ರ ಲೆಕ್ಕದಲ್ಲೇ ಹೇಳಬೇಕು: ಮಧುಗಿರಿ ದಾಟಿ ತುಮಕೂರಿಗೆ ಹೋಗಿ ಪ್ರೈವೇಟಲ್ಲಿ ಒಂದು ಹಲ್ಲು ಸರಿ ಮಾಡಿಸಿದರೆ ಎರಡು ಮೂರು ಸಾವಿರ, ಹೆಂಗಸರಿಗೆ ಬಸ್ಸು ಫ್ರೀ ಆದರೂ ಒಂದು ದಿನದ ಕೂಲಿ ಹೋಯಿತು.

ನಡುವೆ ಬೀಟ್ರೂಟ್ ಪ್ರಯೋಗವನ್ನೂ ಮಾಡಿದೆ. ರಸ ಹಚ್ಚಿದರೆ ಹಲ್ಲಿನ ಮೇಲಿನ ಪಾಚಿ ಕೆಂಪಾಗಿ ಕಾಣುತ್ತದೆ ನಿಜ, ಆದರೆ ಅಂಗಿಗಳೂ ಕೆಂಪಾಗಿ ಜಗಳಕ್ಕೆ ಬಂದರು. ಕೈಬಿಟ್ಟೆ. ರಾಗಿ ಸರಿಗೆ ಬೆಲ್ಲದ ಬದಲು ಕಳಿತ ಬಾಳೆಹಣ್ಣು ಕಿವುಚಿ, ಹುರಿದ ಕಡಲೆಬೀಜದ ನುಣ್ಣನೆಯ ಪುಡಿ ಹಾಕಿದ್ದು ಮಾತ್ರ ಗೆದ್ದಿತು. ಪುಡಿಯೇ ಆಗಬೇಕು, ಇಡೀ ಬೀಜ ಈ ವಯಸ್ಸಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು, ಆಶಾ ಕೊಡುವ ಕಬ್ಬಿಣದ ಸಿರಪ್ಪಿನಿಂದ ಹಲ್ಲು ಕಪ್ಪಾಯಿತು ಅಂತ ಕೆಲವರು ಸಿರಪ್ಪನ್ನೇ ನಿಲ್ಲಿಸಿದ್ದರು. ಅದು ಮೇಲಿನ ಕಲೆ, ಹುಳುಕಲ್ಲ. ಹನಿಯನ್ನು ನಾಲಿಗೆಯ ಹಿಂಭಾಗಕ್ಕೆ ಬಿಟ್ಟು ನೀರು ಕುಡಿಸಿದರೆ ಕಲೆ ಕಮ್ಮಿ.

ಮೊದಲ ಸಲ ನೋಡಿದಾಗ ಹತ್ತಿರ ಹತ್ತಿರ ಅರ್ಧ ಮಕ್ಕಳಿಗೆ ಗೆರೆಯೋ ಗುಳಿಯೋ ಇತ್ತು. ವರ್ಷದ ಮೇಲಾಯಿತು, ಆಮೇಲೆ ಹಲ್ಲು ಬಂದ ಮಕ್ಕಳಲ್ಲಿ ಗೆರೆಯೋ ಗುಳಿಯೋ ಇರುವವರು ಮೂವರೋ ನಾಲ್ವರೋ ಇರಬೇಕು. ಅವರಲ್ಲಿ ಇಬ್ಬರ ತಾತಂದಿರು ಅಂಗಡಿ ಇಟ್ಟವರು, ಬಿಸ್ಕತ್ತಿಗೆ ಬರವಿಲ್ಲ. ಆ ತಾತಂದಿರನ್ನು ಚಾಪೆಯ ಮೇಲೆ ಕೂರಿಸುವ ಉಪಾಯ ಇನ್ನೂ ಹೊಳೆದಿಲ್ಲ.